ಚಳಿಗಾಲದ ಕೊನೆಯಲ್ಲಿ ತೆರೆದ ನೀರಿನ ಟ್ರೌಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಸುವುದು ಬೇರೆಯೇ ವಿದ್ಯೆ. ಇಲ್ಲಿರುವುದು ನೀರು ಇನ್ನೂ ಕೊರೆಯುತ್ತಿರುವಾಗಲೇ ದಡದಿಂದಲೋ, ನೀರಿಗಿಳಿದೋ, ದೋಣಿಯಿಂದಲೋ ತಣ್ಣೀರಿನ ಮೀನಾದ ಟ್ರೌಟ್ ಹಿಡಿಯಲು ಹೊರಡುವವರು ಕೇಳುವ ಪ್ರಶ್ನೆಗಳು. ಕೆಲವಕ್ಕೆ ಉದ್ದದ ಉತ್ತರ ಇದೆ, ಕೆಲವಕ್ಕೆ ಒಂದೆರಡು ಸಾಲು ಸಾಕು.

ಯಾವ ಕಾಲ, ಯಾವ ನೀರಿನ ಮಾತು ಇದು?

ಉತ್ತರ ಗೋಳಾರ್ಧದಲ್ಲಿ ಹೆಚ್ಚುಕಡಿಮೆ ಫೆಬ್ರವರಿ ಮತ್ತು ಮಾರ್ಚ್. ದಕ್ಷಿಣದಲ್ಲಾದರೆ ಆಗಸ್ಟ್ ಮತ್ತು ಸೆಪ್ಟೆಂಬರ್ ಮೊದಲ ಭಾಗ. ಹಗಲು ಉದ್ದವಾಗುತ್ತಿರುತ್ತದೆ, ಆದರೆ ರಾತ್ರಿ ಇನ್ನೂ ಹೆಪ್ಪುಗಟ್ಟುವ ಚಳಿ. ನೀರು ಎಂದರೆ ನಾಲ್ಕು ಬಗೆ: ಚಳಿಗಾಲದಲ್ಲೂ ಹೆಪ್ಪುಗಟ್ಟದ ಆಳದ ಸರೋವರ, ಮಂಜುಗಡ್ಡೆ ಈಗಷ್ಟೇ ಕರಗಿದ ಸರೋವರ, ಹರಿಯುವ ಹೊಳೆ, ಮತ್ತು ಅಣೆಕಟ್ಟೆಯ ಕೆಳಗಿನ ನದಿ. ನಾಲ್ಕರ ಸ್ವಭಾವವೂ ಬೇರೆ. ಒಂದರಲ್ಲಿ ನಡೆದ ಉಪಾಯ ಇನ್ನೊಂದರಲ್ಲಿ ನಡೆಯದೇ ಹೋಗಬಹುದು.

ಈ ಹೊತ್ತಲ್ಲಿ ಟ್ರೌಟ್ ಹಿಡಿಯುವುದು ಯಾಕೆ ಅಷ್ಟು ಕಷ್ಟ?

ಮೀನಿನ ಮೈ ಶಾಖ ನೀರಿನ ಶಾಖವೇ. ನೀರು ತಣ್ಣಗಾದಷ್ಟೂ ಅದರ ಜೀವನದ ವೇಗ ಇಳಿಯುತ್ತದೆ. ಬೇಸಿಗೆಯಲ್ಲಿ ಒಂದು ದಿನದಲ್ಲಿ ಕರಗುವ ಊಟ, 3 ಡಿಗ್ರಿ ನೀರಿನಲ್ಲಿ ಹೊಟ್ಟೆಯಲ್ಲೇ ದಿನಗಟ್ಟಲೆ ಕೂತಿರುತ್ತದೆ. ಹಾಗಾಗಿ ಟ್ರೌಟ್ ಪದೇ ಪದೇ ತಿನ್ನಬೇಕಾಗಿಲ್ಲ. ತಿನ್ನದಿದ್ದರೂ ಬಹಳ ದಿನ ತಡೆದುಕೊಳ್ಳುತ್ತದೆ.

ಜೊತೆಗೆ ಅದು ಚಳಿಗಾಲ ಪೂರ್ತಿ ಕೊಬ್ಬು ಕರಗಿಸಿಕೊಂಡು ಬಂದಿರುತ್ತದೆ. ಅದರ ಪರಿಸ್ಥಿತಿ ತಿಂಗಳ ಕೊನೆಯ ವಾರದ ಜೇಬಿನ ಹಾಗೆ. ಒಂದು ಹುಳಕ್ಕಾಗಿ ಎರಡು ಮೀಟರ್ ಈಜಿದರೆ ಸಿಗುವುದಕ್ಕಿಂತ ಖರ್ಚೇ ಜಾಸ್ತಿ. ಆದ್ದರಿಂದ ಎರೆ ಮೂಗಿನ ಮುಂದೆ ಬಂದರೆ ಬಾಯಿ ತೆರೆಯುತ್ತದೆ, ಒಂದು ಮೊಳ ಆಚೆ ಹೋದರೆ ಸುಮ್ನೆ ನೋಡುತ್ತದೆ. ಚಳಿಗಾಲದಲ್ಲಿ ಮೀನು ತಿನ್ನುವುದೇ ಇಲ್ಲ ಎನ್ನುವುದು ತಪ್ಪು. ತಿನ್ನುತ್ತದೆ. ಕಡಿಮೆ ಸಲ, ಕಡಿಮೆ ಹೊತ್ತು, ಕಡಿಮೆ ಜಾಗದಲ್ಲಿ ತಿನ್ನುತ್ತದೆ, ಅಷ್ಟೇ. ಕಷ್ಟವೆಲ್ಲ ಆ ಹೊತ್ತನ್ನೂ ಆ ಜಾಗವನ್ನೂ ಕಂಡುಹಿಡಿಯುವುದರಲ್ಲಿದೆ. ಡಬ್ಬಿಯಲ್ಲಿ ಯಾವ ಲೂರ್ (ಕೃತಕ ಎರೆ) ಇದೆ ಎನ್ನುವುದು ಆಮೇಲಿನ ಮಾತು.

ನೀರು ಎಷ್ಟು ಡಿಗ್ರಿ ಇದ್ದರೆ ಹೋಗಬಹುದು?

ರೇನ್‌ಬೋ ಟ್ರೌಟ್ ಚುರುಕಾಗಿ ತಿನ್ನುವುದು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ. ಬ್ರೌನ್ ಟ್ರೌಟ್ ಕೂಡ ಹೆಚ್ಚು ದೂರವಿಲ್ಲ. 4ಕ್ಕಿಂತ ಕೆಳಗೆ ಎರಡೂ ಮಂಕಾಗುತ್ತವೆ. ಬ್ರೂಕ್ ಟ್ರೌಟ್ ಮತ್ತು ಲೇಕ್ ಟ್ರೌಟ್ ಚಾರ್ ಎಂಬ ಹತ್ತಿರದ ಸಂಬಂಧಿ ಗುಂಪಿನವು, ತಣ್ಣೀರನ್ನು ಇನ್ನೂ ಸ್ವಲ್ಪ ಚೆನ್ನಾಗಿ ಸಹಿಸುತ್ತವೆ.

ಆದರೆ ಅಂಕಿಗಿಂತ ಮುಖ್ಯ ಅದು ಯಾವ ಕಡೆ ಹೋಗುತ್ತಿದೆ ಎನ್ನುವುದು. ಬೆಳಿಗ್ಗೆ 3 ಇದ್ದದ್ದು ಮಧ್ಯಾಹ್ನ 4.5 ಆಯಿತೆಂದರೆ ಮೀನು ಎದ್ದೀತು. ನಿನ್ನೆ 6 ಇದ್ದದ್ದು ಇಂದು 4.5ಕ್ಕೆ ಇಳಿದಿದ್ದರೆ ಅದೇ 4.5ರಲ್ಲಿ ಮೀನು ಬಾಯಿ ಮುಚ್ಚಿಕೊಂಡಿರುತ್ತದೆ. ಅದಕ್ಕೇ ಈ ಕಾಲದಲ್ಲಿ ಹೊಸ ಲೂರ್ ಕೊಳ್ಳುವ ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ ಎನ್ನುತ್ತೇನೆ. ದಾರಕ್ಕೆ ಕಟ್ಟಿ ನೆರಳಿನ ನೀರಿಗೆ ಇಳಿಸಿ, ಒಂದೆರಡು ನಿಮಿಷ ಬಿಟ್ಟು ನೋಡಿ. ಗಂಟೆಗೊಮ್ಮೆ ನೋಡಿ. ಗಾಳಿಯ ಉಷ್ಣಾಂಶ ತೋರಿಸುವ ಫೋನ್ ಆಪ್ ಇದಕ್ಕೆ ಬದಲಿ ಅಲ್ಲ.

ಬಿಸಿಲು ಚೆನ್ನಾಗಿ ಬಂದ ದಿನ ಮೀನೂ ಚೆನ್ನಾಗಿ ಕಚ್ಚಬೇಕಲ್ವಾ?

ಸರೋವರದಲ್ಲಾದರೆ ಬಹುಮಟ್ಟಿಗೆ ಹೌದು. ಹೊಳೆಯಲ್ಲಿ ಇದೇ ದೊಡ್ಡ ಮೋಸ. ಗುಡ್ಡದ ಮೇಲೆ ಹಿಮ ಇನ್ನೂ ಬಾಕಿ ಇದೆ ಎಂದುಕೊಳ್ಳಿ. ವಾರಗಟ್ಟಲೆ ಚಳಿಯ ನಂತರ ಒಂದು ದಿನ ಗಾಳಿ 10 ಡಿಗ್ರಿಗೆ ಏರುತ್ತದೆ. ನಮಗೆ ಹಾಯೆನಿಸುತ್ತದೆ, ಎಲ್ಲರೂ ಗಾಳ ಹಿಡಿದು ಹೊರಡುತ್ತಾರೆ. ಅದೇ ಬಿಸಿಲಿಗೆ ಹಿಮ ಕರಗಿ, ಹೆಚ್ಚುಕಡಿಮೆ 0 ಡಿಗ್ರಿಯ ನೀರು ಹೊಳೆಗೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನೀರು ಏರಿರುತ್ತದೆ, ಮಣ್ಣು ಕದಡಿರುತ್ತದೆ, ಉಷ್ಣಾಂಶ ಬೆಳಿಗ್ಗೆಗಿಂತ ಕೆಳಗೆ ಹೋಗಿರುತ್ತದೆ. ಮೂರೂ ಒಟ್ಟಿಗೆ ಬಂದರೆ ಮೀನು ಬಂಡೆಯ ಹಿಂದೆ ಸೇರಿಕೊಂಡು ಅಲುಗುವುದಿಲ್ಲ.

ಇನ್ನೊಂದು ವಿಷಯ ಕಡಿಮೆ ಜನ ಗಮನಿಸುತ್ತಾರೆ. ಗ್ರಾನೈಟ್ ಬಂಡೆಯಂಥ, ಸುಣ್ಣದ ಅಂಶವಿಲ್ಲದ ನೆಲದ ಹೊಳೆಗಳಲ್ಲಿ ಹಿಮದಲ್ಲಿ ಕೂಡಿಟ್ಟುಕೊಂಡ ಆಮ್ಲ ಮೊದಲ ಕರಗುವಿಕೆಯಲ್ಲೇ ಒಮ್ಮೆಲೇ ನೀರಿಗೆ ಬರುತ್ತದೆ. ಕೆಲವು ದಿನ ನೀರು ಆಮ್ಲೀಯವಾಗಿ ಮೀನಿಗೆ ತ್ರಾಸವಾಗುತ್ತದೆ. ಸುಣ್ಣಕಲ್ಲಿನ ನೆಲದಲ್ಲಿ ಈ ಕಾಟ ಇಲ್ಲ.

ಹಾಗಾದರೆ ಬೆಚ್ಚಗಿನ ದಿನ ಮನೆಯಲ್ಲೇ ಇರಬೇಕಾ? ಇಲ್ಲ. ಹಿಮ ಆಗಲೇ ಕರಗಿ ಹೋದ ತಗ್ಗಿನ ಹೊಳೆ, ಒರತೆಯ ನೀರಿನ ಹೊಳೆ, ಅಣೆಕಟ್ಟೆಯ ಕೆಳಗಿನ ನದಿ, ಇವುಗಳಲ್ಲಿ ಒಂದನ್ನು ಆರಿಸಿ. ಅಥವಾ ಕರಗಿದ ನೀರು ಇಳಿದು ಬರುವ ಮೊದಲೇ ಗಾಳ ಹಾಕಿ ಮುಗಿಸಿ. ನನ್ನ ಮಟ್ಟಿಗೆ, ಮೋಡ ಕವಿದ, ಗಾಳಿ ಇಲ್ಲದ, ಮೂರ್ನಾಲ್ಕು ದಿನದಿಂದ ಒಂದೇ ಹದದಲ್ಲಿರುವ ಹವಾಮಾನವೇ ಒಳ್ಳೆಯದು. ಹೊರಗೆ ನಿಲ್ಲಲು ಬೇಸರ, ಆದರೆ ನೀರು ಸ್ಥಿರವಾಗಿರುತ್ತದೆ.

ದಿನದ ಯಾವ ಹೊತ್ತು ಒಳ್ಳೆಯದು?

ಬೇಸಿಗೆಯ ರೂಢಿ ಮರೆತುಬಿಡಿ. ಮುಂಜಾನೆ ಐದಕ್ಕೆ ಏಳಬೇಕಾಗಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ, ಅದರಲ್ಲೂ ಕೊನೆಯ ಎರಡು ಗಂಟೆ. ಮೇಲೆ ಹೇಳಿದ ಹಿಮ ಕರಗುವ ಹೊಳೆ ಮಾತ್ರ ಇದಕ್ಕೆ ಹೊರತು.

ಬೆಳಿಗ್ಗೆ ಹೊಳೆಯ ತುಂಬಾ ಮಂಜಿನ ರಾಡಿ ಹರಿಯುತ್ತದೆ. ಏನದು?

ಆಕಾಶ ತಿಳಿಯಾಗಿರುವ ರಾತ್ರಿ ಹರಿಯುವ ನೀರು 0 ಡಿಗ್ರಿಗಿಂತ ಒಂಚೂರು ಕೆಳಗೆ ಇಳಿಯುತ್ತದೆ. ಆಗ ಅದರಲ್ಲಿ ಸಣ್ಣ ಸಣ್ಣ ಮಂಜಿನ ಹರಳುಗಳು ಹುಟ್ಟುತ್ತವೆ. ಇವು ತಳದ ಕಲ್ಲುಗಳಿಗೆ ಅಂಟಿಕೊಂಡು ತಳದಲ್ಲೇ ಮಂಜುಗಡ್ಡೆಯ ಪದರ ಕಟ್ಟುತ್ತವೆ. ಬಿಸಿಲು ಬಿದ್ದ ಮೇಲೆ ಆ ಪದರ ಕಿತ್ತು, ತಳದ ಜಲ್ಲಿಯನ್ನೂ ಹುಳುಗಳನ್ನೂ ಹೊತ್ತುಕೊಂಡು ಮೇಲೆ ತೇಲುತ್ತದೆ.

ಇದು ಹರಿಯುತ್ತಿರುವಾಗ ಗಾಳ ಹಾಕುವುದು ದಂಡ. ದಾರಕ್ಕೆ ಸಿಕ್ಕಿಕೊಳ್ಳುತ್ತಲೇ ಇರುತ್ತದೆ. ನಡುಹೊತ್ತಿಗೆ ಸಾಮಾನ್ಯವಾಗಿ ತಿಳಿಯಾಗುತ್ತದೆ. ಕಾಯಿರಿ. ಕಿತ್ತುಬಂದ ಹುಳುಗಳು ನೀರಲ್ಲಿ ಇರುವುದರಿಂದ ಅದರ ಹಿಂದೆಯೇ ಒಂದು ಒಳ್ಳೆಯ ಗಂಟೆ ಸಿಗುವುದೂ ಉಂಟು.

ಹೊಳೆಯಲ್ಲಿ ಟ್ರೌಟ್ ಎಲ್ಲಿ ನಿಂತಿರುತ್ತದೆ?

ಮಡುವಿನಲ್ಲಿ. ಬೇಸಿಗೆಯಲ್ಲಿ ಕಲ್ಲುಗಳ ಮೇಲೆ ಸದ್ದು ಮಾಡುತ್ತಾ ಹರಿಯುವ ತೆಳು ನೀರಿನಲ್ಲಿ ಸಿಗುತ್ತಿದ್ದ ಮೀನು ಈಗ ಅಲ್ಲಿಲ್ಲ. ಅದಕ್ಕೆ ಕಾರಣ ಇದೆ. ತಣ್ಣೀರಿನಲ್ಲಿ ಆಮ್ಲಜನಕ ಬೇಕಾದಷ್ಟಿದೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ, 0 ಡಿಗ್ರಿಯಲ್ಲಿ 14.6 ಮಿಲಿಗ್ರಾಂ ಹಿಡಿಯುತ್ತದೆ. ಉಸಿರಿಗಾಗಿ ನೊರೆನೀರಿನಲ್ಲಿ ಒದ್ದಾಡುವ ಅಗತ್ಯ ಮೀನಿಗಿಲ್ಲ. ಕಡಿಮೆ ಶ್ರಮದಲ್ಲಿ ನಿಲ್ಲುವ ಜಾಗ ಸಿಕ್ಕರೆ ಸಾಕು.

ಮಡುವಿನಲ್ಲೂ ಎಲ್ಲ ಕಡೆ ಒಂದೇ ಅಲ್ಲ. ತೀರಾ ನಿಂತ ನೀರಿಗೆ ಊಟ ತೇಲಿ ಬರುವುದಿಲ್ಲ. ಮಡುವಿನ ತಲೆಯ ಕಡೆ ಸೆಳವು ಆಳಕ್ಕೆ ಇಳಿದು ಮೆತ್ತಗಾಗುವ ಜಾಗ, ವೇಗದ ನೀರೂ ನಿಧಾನದ ನೀರೂ ಸೇರುವ ಗೆರೆಯ ಒಳಬದಿ, ಮುಳುಗಿದ ದೊಡ್ಡ ಬಂಡೆಯ ಹಿಂದೆ ಮುಂದೆ, ಇವನ್ನು ಮೊದಲು ನೋಡಿ. ನಡೆಯುವ ಮನುಷ್ಯನ ವೇಗಕ್ಕಿಂತ ನಿಧಾನವಾದ ನೀರು, ಸೊಂಟಕ್ಕಿಂತ ಆಳ. ಅಲ್ಲೇ ಮೀನು ಗುಂಪಾಗಿರುತ್ತದೆ. ಒಂದು ಸಿಕ್ಕಿತೆಂದರೆ ಜಾಗ ಬಿಡಬೇಡಿ.

ಮರಿಗಳ ಕಥೆ ಬೇರೆ. ನೀರು ತೀರಾ ತಣ್ಣಗಿದ್ದಾಗ ಸಣ್ಣ ಟ್ರೌಟ್‌ಗಳು ಹಗಲೆಲ್ಲ ಕಲ್ಲುಗಳ ಸಂದಿಯಲ್ಲಿ ಅಡಗಿ, ಕತ್ತಲಾದ ಮೇಲೆ ಹೊರಬರುತ್ತವೆ. ಮೀನು ಮಂದವಾಗಿದ್ದರೂ ಅದನ್ನು ತಿನ್ನುವ ನೀರುನಾಯಿ, ಕೊಕ್ಕರೆಗಳಿಗೆ ಬಿಸಿ ರಕ್ತ. ಅವಕ್ಕೆ ಚಳಿಯ ಮಂಕು ಇಲ್ಲ. ದೊಡ್ಡ ಮೀನು ಕೂಡ ಅಡಗುದಾಣದ ಹತ್ತಿರವೇ ಇರುವುದು ಇದೇ ಭಯಕ್ಕೆ.

ಸರೋವರದಲ್ಲಿ ಎಷ್ಟು ಆಳದಲ್ಲಿ ಹುಡುಕಬೇಕು?

ಇದಕ್ಕೆ ಒಂದೇ ಅಂಕಿ ಇಲ್ಲ. ತೊಡಕು ಇರುವುದೇ ಅಲ್ಲಿ. ಬೇಸಿಗೆಯಲ್ಲಿ ಸರೋವರದ ನೀರು ಪದರ ಪದರವಾಗಿರುತ್ತದೆ, ಟ್ರೌಟ್ ತನಗೆ ಹಿತವಾದ ಪದರದಲ್ಲಿ ಸೇರಿರುತ್ತದೆ. ಆ ಆಳ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಈಗ ಆ ಪದರಗಳಿಲ್ಲ.

ನೀರು ಅತಿ ಭಾರವಾಗಿರುವುದು ಸುಮಾರು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರವಾಗಿ ಮೇಲೆ ಬರುತ್ತದೆ. ಹಾಗಾಗಿ ಮಂಜುಗಡ್ಡೆಯ ಅಡಿಯಲ್ಲಿ ಮೇಲಿನ ನೀರು 0 ಡಿಗ್ರಿಯ ಹತ್ತಿರ, ತಳದ ನೀರು 4ರ ಹತ್ತಿರ ಇರುತ್ತದೆ. ಗಡ್ಡೆ ಕರಗಿ ಮೇಲಿನ ನೀರೂ 4ಕ್ಕೆ ಬಂದಾಗ ಮೇಲೆ ಕೆಳಗೆ ತೂಕ ಒಂದೇ ಆಗುತ್ತದೆ. ಆಗ ಗಾಳಿ ಬೀಸಿದರೆ ಇಡೀ ಸರೋವರ ಕಲೆಸಿಹೋಗುತ್ತದೆ. ಎಲ್ಲ ಕಡೆ ಒಂದೇ ಉಷ್ಣಾಂಶ, ಎಲ್ಲ ಕಡೆ ಆಮ್ಲಜನಕ. ಟ್ರೌಟ್ ಎಲ್ಲಿ ಬೇಕಾದರೂ ಇರಬಹುದು.

ಹಾಗಿದ್ದಾಗ ಊಟ ಎಲ್ಲಿದೆ ಎಂದು ನೋಡಬೇಕು. ಬಿಸಿಲಿಗೆ ಮೊದಲು ಕಾಯುವುದು ತೆಳು ನೀರು. ಕಪ್ಪು ಕೆಸರಿನ ತಳವಿರುವ ಸಣ್ಣ ಕೊಲ್ಲಿ, ತೊರೆ ಬಂದು ಸೇರುವ ಬಾಯಿ, ಹಳೆಯ ಜೊಂಡಿನ ಅಂಚು. ಉತ್ತರ ಗೋಳಾರ್ಧದಲ್ಲಿ ಸರೋವರದ ಉತ್ತರದ ದಡಕ್ಕೆ ದಕ್ಷಿಣದ ಬಿಸಿಲು ನೇರವಾಗಿ ಬೀಳುತ್ತದೆ, ಅಲ್ಲಿ ಗಡ್ಡೆಯೂ ಬೇಗ ಕರಗುತ್ತದೆ. ಅಲ್ಲಿ ನೀರು ಒಂದು ಡಿಗ್ರಿ ಹೆಚ್ಚಿದ್ದರೂ ಹುಳುಗಳು ಅಲುಗಾಡುತ್ತವೆ, ಸಣ್ಣ ಮೀನು ಬರುತ್ತವೆ, ಅವುಗಳ ಹಿಂದೆ ಟ್ರೌಟ್ ಬರುತ್ತದೆ. ಬೇಸಿಗೆಯಲ್ಲಿ ಆಳ ಬಿಟ್ಟು ಬರದ ಲೇಕ್ ಟ್ರೌಟ್ ಕೂಡ ಗಡ್ಡೆ ಕರಗಿದ ಮೊದಲ ವಾರಗಳಲ್ಲಿ ದಡದ ಹತ್ತಿರ ಸುಳಿಯುತ್ತದೆ. ದಡದಿಂದ ಗಾಳ ಹಾಕುವವರಿಗೆ ವರ್ಷದಲ್ಲಿ ಇಂಥ ಅವಕಾಶ ಮತ್ತೆ ಬೇಗ ಬರುವುದಿಲ್ಲ.

ದಡದಲ್ಲಿ ನಿಂತ ಕೂಡಲೇ ದೂರಕ್ಕೆ ಎಸೆಯುವ ಚಟ ಬಿಡಿ. ಮೊದಲ ಎಸೆತಗಳು ದಡಕ್ಕೆ ಸಮಾನಾಂತರವಾಗಿ, ಕಾಲಬುಡದ ನೀರಿನಲ್ಲೇ ಇರಲಿ.

ಅಣೆಕಟ್ಟೆಯ ಕೆಳಗಿನ ನದಿಯನ್ನು ಎಲ್ಲರೂ ಹೊಗಳುತ್ತಾರೆ. ಯಾಕೆ?

ದೊಡ್ಡ ಜಲಾಶಯದ ಆಳದಿಂದ ಬಿಡುವ ನೀರು ಚಳಿಗಾಲದಲ್ಲೂ 4 ಡಿಗ್ರಿ ಅಥವಾ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಹಾಗಾಗಿ ಕೆಲವು ಕಿಲೋಮೀಟರ್ ದೂರ ಹೆಪ್ಪುಗಟ್ಟುವುದಿಲ್ಲ, ಹುಳುಗಳೂ ವರ್ಷವಿಡೀ ಇರುತ್ತವೆ. ಒರತೆಯಿಂದ ಹುಟ್ಟುವ ಹೊಳೆಗಳೂ ಹಾಗೆಯೇ. ಭೂಮಿಯೊಳಗಿನ ನೀರು ಆ ಪ್ರದೇಶದ ವರ್ಷದ ಸರಾಸರಿ ಉಷ್ಣಾಂಶದ ಹತ್ತಿರ ಇರುತ್ತದೆ, ಚಳಿಗಾಲ ಬೇಸಿಗೆ ಎಂದು ಹೆಚ್ಚು ಬದಲಾಗುವುದಿಲ್ಲ.

ಅಪಾಯವೂ ಇಲ್ಲೇ. ವಿದ್ಯುತ್ತಿನ ಬೇಡಿಕೆಗೆ ತಕ್ಕಂತೆ ಯಾವ ಗಳಿಗೆಯಲ್ಲಾದರೂ ನೀರು ಬಿಡಬಹುದು. ಮೊಣಕಾಲಿನಷ್ಟಿದ್ದ ನೀರು ಸ್ವಲ್ಪ ಹೊತ್ತಿನಲ್ಲೇ ಸೊಂಟ ದಾಟಬಹುದು. ನೀರು ಬಿಡುವ ವೇಳಾಪಟ್ಟಿ ನೋಡದೆ ಇಳಿಯಬೇಡಿ. ದಡದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಅದು ಮುಳುಗುತ್ತಿದ್ದರೆ, ಸೈರನ್ ಕೇಳಲಿ ಬಿಡಲಿ, ಹೊರಗೆ ಬನ್ನಿ.

ಈಗ ಟ್ರೌಟ್ ತಿನ್ನುವುದು ಏನನ್ನು?

ಬಹುಪಾಲು ಚಿಕ್ಕ ಚಿಕ್ಕದನ್ನು. ಮಿಡ್ಜ್ ಎಂಬ ನೊಣದ ಜಾತಿಯ ಹುಳುಗಳು ಚಳಿಗಾಲದಲ್ಲೂ ಹೊರಬರುತ್ತವೆ. ಕೆಸರಿನಲ್ಲಿರುವ ಅವುಗಳ ಮರಿಗಳು ಕೆಂಪು, ಕಪ್ಪು, ಹಸಿರು ದಾರದ ತುಂಡಿನಷ್ಟಿರುತ್ತವೆ. ಇವಕ್ಕೆ 18ರಿಂದ 22ನೇ ನಂಬರಿನ ಗಾಳ ಬೇಕು. ನಂಬರ್ ಏರಿದಷ್ಟೂ ಗಾಳ ಚಿಕ್ಕದು ಎನ್ನುವುದು ಹೊಸಬರಿಗೆ ನೆನಪಿರಲಿ. ಜೊತೆಗೆ ಸ್ಕಡ್ ಎಂಬ ಸಿಗಡಿಯಂಥ ಜೀವಿ, ಬಸವನಹುಳು, ಸಣ್ಣ ಮೀನು. ಫೆಬ್ರವರಿ ಹೊತ್ತಿಗೆ ಕೆಲವು ಹೊಳೆಗಳಲ್ಲಿ ಸಣ್ಣ ಕಪ್ಪು ಸ್ಟೋನ್‌ಫ್ಲೈಗಳು ನೀರಿಂದ ಎದ್ದು ಹಿಮದ ಮೇಲೆ ನಡೆದಾಡುವುದು ಕಾಣುತ್ತದೆ. ಮೋಡದ ಮಧ್ಯಾಹ್ನಗಳಲ್ಲಿ ಬೇಟಿಸ್ ಜಾತಿಯ ಸಣ್ಣ ಮೇಫ್ಲೈಗಳು ಏಳುತ್ತವೆ. ಆಗ ಮಾತ್ರ ಮೀನು ಮೇಲೆ ಬಂದು ತಿನ್ನುವುದು ನೋಡಬಹುದು.

ದೊಡ್ಡ ಎರೆ ನಡೆಯುವುದೇ ಇಲ್ಲ ಎಂದಲ್ಲ. ಸರೋವರದಲ್ಲಿ ದೊಡ್ಡ ಬ್ರೌನ್ ಟ್ರೌಟ್ ಒಂದೇ ಬಾರಿಗೆ ಹೊಟ್ಟೆ ತುಂಬಿಸುವ ಸಣ್ಣ ಮೀನನ್ನೇ ಬಯಸಬಹುದು. ಹೊಳೆಯಲ್ಲಿ ಚಿಕ್ಕದು, ಸರೋವರದಲ್ಲಿ ಸ್ವಲ್ಪ ದೊಡ್ಡದು ಎಂದು ಶುರು ಮಾಡಿ.

ಲೂರನ್ನು ಎಷ್ಟು ನಿಧಾನ ಎಳೆಯಬೇಕು?

ನಿಮಗೆ ಬೇಸರ ಬರುವಷ್ಟು. ಅದಾದ ಮೇಲೆ ಇನ್ನೂ ಸ್ವಲ್ಪ ನಿಧಾನ.

ಸ್ಪಿನ್ನಿಂಗ್ ರಾಡ್ ಇರುವವರಿಗೆ 2ರಿಂದ 3.5 ಗ್ರಾಂ ತೂಕದ, ಮೆತ್ತನೆಯ ಗರಿ ಕಟ್ಟಿದ ಜಿಗ್, ಅಂದರೆ ತಲೆಯಲ್ಲಿ ತೂಕವಿರುವ ಗಾಳ, ಒಳ್ಳೆಯದು. ಸುಮ್ನೆ ನಿಂತಿದ್ದರೂ ಗರಿ ಅಲುಗುತ್ತದೆ. ನೀರಿನ ನಡುವೆ ತೇಲಿ ನಿಲ್ಲುವ ಜರ್ಕ್‌ಬೇಟ್ ಆದರೆ ಒಂದು ಸಲ ಜಗ್ಗಿ, ಐದರಿಂದ ಹತ್ತು ಸೆಕೆಂಡ್ ಬಿಡಿ. ಕಚ್ಚುವುದು ಬಹುತೇಕ ಆ ನಿಂತ ಹೊತ್ತಿನಲ್ಲೇ. ವೇಗವಾಗಿ ತಿರುಗಬೇಕಾದ ಸ್ಪಿನ್ನರ್ ಈಗ ಪೆಟ್ಟಿಗೆಯಲ್ಲೇ ಇರಲಿ.

ಫ್ಲೈ, ಅಂದರೆ ಗರಿ ದಾರ ಸುತ್ತಿ ಹುಳದಂತೆ ಮಾಡಿದ ಗಾಳ, ಹಾಕುವವರಿಗೆ ಒಂದು ಸೂಕ್ಷ್ಮ. ತಣ್ಣೀರು ದಪ್ಪ. 0 ಡಿಗ್ರಿ ನೀರಿನ ಜಿಗುಟು 20 ಡಿಗ್ರಿ ನೀರಿನದಕ್ಕಿಂತ ಸುಮಾರು 1.8 ಪಟ್ಟು. ಕೂದಲಿನಷ್ಟು ಸಣ್ಣ ಫ್ಲೈ ಇಂಥ ನೀರಿನಲ್ಲಿ ಬೇಸಿಗೆಯಷ್ಟು ಬೇಗ ಮುಳುಗುವುದಿಲ್ಲ. ಮೀನು ತಳದಲ್ಲಿದೆ, ನಿಮ್ಮ ಫ್ಲೈ ಅದರ ತಲೆಯ ಮೇಲೆ ಹಾದುಹೋಗುತ್ತಿದೆ. ಫ್ಲೈ ಬದಲಿಸುವ ಮೊದಲು ಒಂದು ಸಣ್ಣ ತೂಕದ ಗುಂಡು ಸೇರಿಸಿ ನೋಡಿ. ಆಗೊಮ್ಮೆ ಈಗೊಮ್ಮೆ ತಳ ತಾಗುತ್ತಿದ್ದರೆ ಆಳ ಸರಿಯಿದೆ.

ಕಚ್ಚಿದ್ದೇ ಗೊತ್ತಾಗುವುದಿಲ್ಲ. ಏನು ಮಾಡಲಿ?

ಮೀನು ಬಾಯಿ ತೆರೆದು ಎರೆಯನ್ನು ಒಳಗೆಳೆದುಕೊಂಡು ಅಲ್ಲೇ ನಿಂತಿರುತ್ತದೆ. ಜಗ್ಗುವುದಿಲ್ಲ, ಓಡುವುದಿಲ್ಲ. ಹಾಗಾಗಿ ರಾಡಿಗೆ ಏಟು ಬೀಳುವುದನ್ನು ಕಾಯುತ್ತಾ ಕೂತರೆ ಅಷ್ಟರಲ್ಲಿ ಅದು ಉಗುಳಿರುತ್ತದೆ. ದಾರ ನೋಡಿ. ದಾರಕ್ಕೆ ಕಟ್ಟಿದ ತೇಲುವ ಬೆಂಡು ಒಂದು ಕ್ಷಣ ತಡೆದರೂ, ಪಕ್ಕಕ್ಕೆ ವಾಲಿದರೂ, ಸುತ್ತಲಿನ ನೊರೆಗಿಂತ ನಿಧಾನವಾದರೂ ಮೆಲ್ಲನೆ ರಾಡ್ ಎತ್ತಿ. ಹತ್ತರಲ್ಲಿ ಎಂಟು ಸಲ ಕಲ್ಲೇ ಆಗಿರುತ್ತದೆ, ಇರಲಿ ಬಿಡಿ. ಬೆಂಡು ದೊಡ್ಡದಿದ್ದರೆ ಇಂಥ ಸುಳಿವು ಕಾಣುವುದೇ ಇಲ್ಲ. ಅದು ಭಾರವನ್ನು ಕಷ್ಟಪಟ್ಟು ಹೊರುವಷ್ಟು ಚಿಕ್ಕದಿರಲಿ.

ದಾರ ಯಾವುದು, ಎಷ್ಟು ಸಣ್ಣ?

ಹಿಮ ಕರಗುವ ಮೊದಲು ಹೊಳೆಯ ನೀರು ಕಡಿಮೆ, ಗಾಜಿನಷ್ಟು ತಿಳಿ. ಮೀನಿಗೆ ನೋಡಲು ಬೇಕಾದಷ್ಟು ಸಮಯ. ಫ್ಲೈಗೆ 5ಎಕ್ಸ್ ಅಥವಾ 6ಎಕ್ಸ್, ಅಂದರೆ ಸುಮಾರು 0.15 ಮತ್ತು 0.13 ಮಿಲಿಮೀಟರ್ ದಪ್ಪದ ಟಿಪ್ಪೆಟ್ (ಫ್ಲೈ ಕಟ್ಟುವ ತುದಿಯ ಸಣ್ಣ ದಾರ). ಸ್ಪಿನ್ನಿಂಗ್‌ಗೆ 2 ಕೆಜಿ ತಾಕತ್ತಿನ ದಾರ ಸಾಕು. ಹೆಣೆದ ದಾರ ನೀರು ಹೀರಿಕೊಂಡು ಗಡ್ಡೆಗಟ್ಟುತ್ತದೆ, ಈ ಕಾಲಕ್ಕೆ ಬೇಡ. ಸಾಧಾರಣ ನೈಲಾನ್ ಚಳಿಗೆ ಸುರುಳಿ ಸುತ್ತಿಕೊಳ್ಳುತ್ತದೆ, ಎಸೆಯುವ ಮೊದಲು ಕೈಯಲ್ಲಿ ಜಗ್ಗಿ ನೇರ ಮಾಡಿ. ತುದಿಗೆ ಒಂದು ಮೀಟರ್ ಫ್ಲೋರೋಕಾರ್ಬನ್ ಕಟ್ಟಿದರೆ ಒಳ್ಳೆಯದು.

ರಾಡಿನ ಗೈಡ್‌ಗಳಲ್ಲಿ (ದಾರ ಹಾದುಹೋಗುವ ಬಳೆಗಳಲ್ಲಿ) ಮಂಜು ಕಟ್ಟುತ್ತದೆ. ಪರಿಹಾರ ಇದೆಯಾ?

ಪೂರ್ತಿ ಪರಿಹಾರ ಇಲ್ಲ. ಗಾಳಿ 0 ಡಿಗ್ರಿಗಿಂತ ಕೆಳಗಿದ್ದರೆ ದಾರದ ನೀರು ಗೈಡ್‌ನಲ್ಲಿ ಹೆಪ್ಪುಗಟ್ಟಿಯೇ ಗಟ್ಟುತ್ತದೆ. ತುಟಿಗೆ ಹಚ್ಚುವ ಬಾಮ್ ಸವರಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ಕಟ್ಟಿದ ಮೇಲೆ ಉಗುರಿನಿಂದ ಕೀಳಬೇಡಿ, ಗೈಡ್‌ನ ಒಳಪದರ ಕಿತ್ತುಬರುತ್ತದೆ. ರಾಡನ್ನೇ ನೀರಿನಲ್ಲಿ ಅದ್ದಿ ಹಿಡಿಯಿರಿ. ನೀರು ಗಾಳಿಗಿಂತ ಬೆಚ್ಚಗಿರುವುದರಿಂದ ತಾನೇ ಕರಗುತ್ತದೆ. ರೀಲನ್ನು ಮಾತ್ರ ಮುಳುಗಿಸಬೇಡಿ. ಒಳಗೆ ನೀರು ಹೊಕ್ಕು, ದಾರ ಬಿಡುವ ಬಿಗಿಯನ್ನು ಹದಮಾಡುವ ಡ್ರ್ಯಾಗ್ ಹೆಪ್ಪುಗಟ್ಟಿದರೆ ದೊಡ್ಡ ಮೀನು ಸಿಕ್ಕಾಗ ದಾರ ಬಿಡುವುದೇ ಇಲ್ಲ. ಫ್ಲೈ ಹಾಕುವವರು ದಾರವನ್ನು ಪದೇ ಪದೇ ಒಳಗೆಳೆಯದೆ, ಒಂದೇ ಉದ್ದ ಇಟ್ಟುಕೊಂಡು ಎಸೆದರೆ ತೊಂದರೆ ಅರ್ಧಕ್ಕಿಳಿಯುತ್ತದೆ.

ಗಾಳಿ ಬೀಸುತ್ತಿದ್ದರೆ ಹೋಗಬೇಕಾ, ಬೇಡವಾ?

ಮೀನಿಗೆ ಒಳ್ಳೆಯದು, ನಿಮಗೆ ಕೆಟ್ಟದ್ದು. ಬಿಸಿಲಿಗೆ ಕಾದ ಮೇಲ್ನೀರನ್ನು ಗಾಳಿ ಎದುರು ದಡಕ್ಕೆ ತಳ್ಳುತ್ತದೆ, ಅದರ ಜೊತೆ ಊಟವೂ ಹೋಗುತ್ತದೆ. ಆದರೆ ಗಾಳಿ 0 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಮೈಗೆ ಮೈನಸ್ 6ರಷ್ಟು ಚಳಿ ಅನಿಸುತ್ತದೆ. ಮೈನಸ್ 10 ಇದ್ದರೆ ಮೈನಸ್ 20ರ ಹತ್ತಿರ. ದಡದವರು ಮುಖಕ್ಕೆ ಗಾಳಿ ಬಡಿಯುವ ಕಡೆಯೇ ನಿಲ್ಲಬೇಕಾದೀತು. ದೋಣಿಯವರಿಗೆ ನನ್ನ ಉತ್ತರ ಸ್ಪಷ್ಟ: ಅಲೆ ಏಳುವಷ್ಟು ಗಾಳಿ ಇದ್ದರೆ ಹೋಗಬೇಡಿ.

ಬಟ್ಟೆ?

ಹತ್ತಿ ಬೇಡ, ಒದ್ದೆಯಾದರೆ ಮೈ ಶಾಖ ಹೀರುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್, ಪದರ ಪದರವಾಗಿ. ಕಾಲಿಗೆ ಒಂದರ ಮೇಲೊಂದು ಸಾಕ್ಸ್ ತುರುಕಬೇಡಿ. ಬೂಟು ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಗ್ಲೌಸ್ ಎರಡು ಜೊತೆ ಇರಲಿ, ಒಂದು ಒದ್ದೆಯಾಗಿಯೇ ಆಗುತ್ತದೆ. ಬೆರಳು ದಾರ ಕಟ್ಟಲಾಗದಷ್ಟು ಮರಗಟ್ಟಿದರೆ ಅದು ದಡಕ್ಕೆ ಬರುವ ಸೂಚನೆ.

ನೀರಿಗೆ ಬಿದ್ದರೆ ಏನಾಗುತ್ತದೆ?

ಈ ಉತ್ತರ ಮಾತ್ರ ಪೂರ್ತಿ ಓದಿ. ಜನ ಹೈಪೋಥರ್ಮಿಯಾದಿಂದ (ಮೈ ಶಾಖ ತೀರಾ ಇಳಿದು) ಸಾಯುತ್ತಾರೆ ಎಂದುಕೊಂಡಿರುತ್ತೇವೆ. ಬಹಳ ಜನ ಅದಕ್ಕಿಂತ ಎಷ್ಟೋ ಮೊದಲೇ ಮುಳುಗುತ್ತಾರೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಜನರಿಗೆ ತಲುಪಿಸಿದ ಒಂದು ಲೆಕ್ಕ ಇದೆ: 1, 10, 1. ಮೊದಲ 1 ನಿಮಿಷ ಚಳಿಯ ಆಘಾತಕ್ಕೆ ಉಸಿರು ತಾನೇ ಎಳೆದುಕೊಳ್ಳುತ್ತದೆ, ಏದುಸಿರು ನಿಲ್ಲುವುದಿಲ್ಲ. ಆ ಹೊತ್ತಲ್ಲಿ ತಲೆ ನೀರೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಮುಂದಿನ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಹೊರಗೆ ಬರುವುದಿದ್ದರೆ ಆಗಲೇ ಬರಬೇಕು. ಆಮೇಲೆ ಬೆರಳು ಮುಷ್ಟಿ ಕಟ್ಟುವುದೂ ಇಲ್ಲ. ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ.

ಅಂದರೆ, ತೇಲಿಸುವ ಏನಾದರೂ ಮೈಮೇಲಿದ್ದರೆ ನಿಮಗೆ ಒಂದು ಗಂಟೆ ಇದೆ. ಇಲ್ಲದಿದ್ದರೆ ಹತ್ತು ನಿಮಿಷವೂ ಇಲ್ಲ. ಲೈಫ್ ಜಾಕೆಟ್ ದೋಣಿಯ ಸೀಟಿನ ಕೆಳಗಿದ್ದರೆ ಪ್ರಯೋಜನವಿಲ್ಲ, ಮೈಮೇಲೆ ಇರಬೇಕು. ಬಿದ್ದರೆ ಮೊದಲ ನಿಮಿಷ ಈಜಲು ಹೋಗಬೇಡಿ, ಉಸಿರು ಹತೋಟಿಗೆ ತನ್ನಿ. ಆಮೇಲೆ ಹತ್ತಿರದ ದಡ ಅಥವಾ ದೋಣಿ.

ವೇಡರ್ಸ್ (ನೀರಿಗಿಳಿಯಲು ಹಾಕುವ, ನೀರು ಹೋಗದ ಉದ್ದ ಉಡುಪು) ಹಾಕಿದವರು ಸೊಂಟದ ಬೆಲ್ಟ್ ಬಿಗಿದಿರಬೇಕು. ಒಳಗೆ ನೀರು ತುಂಬುವುದು ನಿಧಾನವಾಗುತ್ತದೆ. ಒಂದು ಊರುಗೋಲು ಇರಲಿ. ಬೂಟಿನ ತಳ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಆಗಿದ್ದರೆ ಅದಕ್ಕೆ ಹಿಮ ಅಂಟಿ ಅಂಟಿ ಎತ್ತರದ ಚಪ್ಪಲಿಯಾಗುತ್ತದೆ, ದಡದಲ್ಲೇ ಕಾಲು ಉಳುಕುತ್ತದೆ. ಮೊಳೆ ಇರುವ ರಬ್ಬರ್ ತಳ ಮೇಲು. ಫೆಲ್ಟ್ ಮೂಲಕ ಬೇಡದ ಪಾಚಿ ಒಂದು ನೀರಿನಿಂದ ಇನ್ನೊಂದಕ್ಕೆ ಹರಡುತ್ತದೆಂದು ನ್ಯೂಜಿಲೆಂಡ್ 2008ರಲ್ಲೇ ಅದನ್ನು ನಿಷೇಧಿಸಿತು. ಒಣ ಬಟ್ಟೆಯ ಒಂದು ಜೊತೆ ಕಾರಿನಲ್ಲಿರಲಿ. ಒಬ್ಬರೇ ಹೋಗಬೇಡಿ.

ದಡಕ್ಕೆ ಅಂಟಿದ ಮಂಜುಗಡ್ಡೆಯ ಮೇಲೆ ನಿಂತು ಗಾಳ ಹಾಕಬಹುದಾ?

ಬೇಡ. ಈ ಕಾಲದ ಗಡ್ಡೆ ದಪ್ಪವಿದ್ದರೂ ಒಳಗೆ ಉದ್ದುದ್ದ ಹರಳುಗಳಾಗಿ ಬಿಟ್ಟುಕೊಂಡಿರುತ್ತದೆ, ಒಮ್ಮೆಲೇ ಕುಸಿಯುತ್ತದೆ. ಹೊಳೆಯ ಅಂಚಿನ ಗಡ್ಡೆಯ ಅಡಿಯಲ್ಲಿ ನೀರು ಇಳಿದು ಬರೀ ಟೊಳ್ಳು ಉಳಿದಿರುವುದೂ ಉಂಟು. ಮೇಲಿನಿಂದ ನೋಡಿದರೆ ಎರಡೂ ಗೊತ್ತಾಗುವುದಿಲ್ಲ.

ದೋಣಿ ಇಳಿಸುವ ಮೊದಲು ಏನು ನೋಡಬೇಕು?

ಇಳಿಜಾರಿನ ರ‍್ಯಾಂಪ್ ಮೊದಲು. ಹಿಂದಿನವರ ದೋಣಿಯಿಂದ ಸುರಿದ ನೀರು ಅಲ್ಲೇ ಗಡ್ಡೆಯಾಗಿದ್ದರೆ ನಿಮ್ಮ ಗಾಡಿಯೂ ಸರೋವರಕ್ಕೆ ಇಳಿದೀತು. ಮರಳು ಒಯ್ಯಿರಿ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಮೋಟಾರನ್ನು ನೀರಿಂದ ಎತ್ತಿದ ಮೇಲೆ ನೇರವಾಗಿ ನಿಲ್ಲಿಸಿ ಒಳಗಿನ ನೀರು ಇಳಿಯಲು ಬಿಡಿ, ಇಲ್ಲವಾದರೆ ಹೆಪ್ಪುಗಟ್ಟಿ ಒಡೆಯುತ್ತದೆ.

ಅರ್ಧ ಗಡ್ಡೆ, ಅರ್ಧ ನೀರು ಇರುವ ಸರೋವರದಲ್ಲಿ ಗಾಳಿಯ ದಿಕ್ಕು ಬದಲಾದರೆ ತೇಲುವ ಗಡ್ಡೆಯ ಹಾಸು ಸರಿದು ಬಂದು ನಿಮ್ಮ ಹಿಂದಿನ ದಾರಿ ಮುಚ್ಚಬಹುದು. ಗಡ್ಡೆ ಮತ್ತು ದಡದ ನಡುವೆ ಎಂದೂ ನಿಲ್ಲಬೇಡಿ.

ತಳದಲ್ಲಿ ಬಿಳಿಚಿದ ಜಲ್ಲಿಯ ಗುಂಡಿಗಳು ಕಾಣುತ್ತವೆ. ತುಳಿಯಬಾರದು ಎನ್ನುತ್ತಾರೆ, ಯಾಕೆ?

ಅವು ಮೊಟ್ಟೆಯ ಗೂಡುಗಳು. ಬ್ರೌನ್ ಮತ್ತು ಬ್ರೂಕ್ ಟ್ರೌಟ್ ಶರತ್ಕಾಲದಲ್ಲಿ ಮೊಟ್ಟೆ ಇಡುತ್ತವೆ. ಹೆಣ್ಣು ಬಾಲದಿಂದ ಜಲ್ಲಿ ಗುಡಿಸಿ ಗುಂಡಿ ಮಾಡುವುದರಿಂದ ಆ ಜಾಗ ಸುತ್ತಲಿಗಿಂತ ಸ್ವಚ್ಛವಾಗಿ ಕಾಣುತ್ತದೆ. 5 ಡಿಗ್ರಿ ನೀರಿನಲ್ಲಿ ಬ್ರೌನ್ ಟ್ರೌಟ್ ಮೊಟ್ಟೆ ಒಡೆಯಲು ಸುಮಾರು ಮೂರು ತಿಂಗಳು ಬೇಕು. ಒಡೆದ ಮರಿಗಳೂ ಇನ್ನೂ ಕೆಲವು ವಾರ ಜಲ್ಲಿಯೊಳಗೇ ಇರುತ್ತವೆ. ಅಂದರೆ ನೀವು ನೀರಿಗಿಳಿಯುವ ಈ ಹೊತ್ತಲ್ಲೇ ಅವು ಕಾಲಡಿಯಲ್ಲಿವೆ. ಚಳಿಗಾಲದ ನಡುವೆ ಪಾಚಿ ಬೆಳೆದು ಗೂಡಿನ ಗುರುತು ಮಾಸಿರಲೂಬಹುದು. ಹಾಗಾಗಿ ಜಲ್ಲಿಯ ತೆಳು ನೀರನ್ನು ದಾಟುವುದೇ ಬೇಡ, ಬಂಡೆಗಳಿರುವ ಕಡೆ ದಾಟಿ.

ರೇನ್‌ಬೋ ಮತ್ತು ಕಟ್‌ತ್ರೋಟ್ ಬಹುತೇಕ ವಸಂತದಲ್ಲಿ ಮೊಟ್ಟೆ ಇಡುವವು. ಚಳಿಗಾಲ ಮುಗಿಯುವಾಗ ತೊರೆಗಳ ಬಾಯಿಯಲ್ಲಿ ಸೇರುತ್ತಿರುತ್ತವೆ. ಗೂಡಿನ ಮೇಲೆ ಜೋಡಿಯಾಗಿ ನಿಂತ ಮೀನಿಗೆ ಗಾಳ ಹಾಕುವುದು ಸುಲಭ. ಹಾಕಬಾರದು, ಅಷ್ಟೇ.

ಹಿಡಿದು ಬಿಡುವವರು ಚಳಿಯಲ್ಲಿ ಏನು ಗಮನಿಸಬೇಕು?

ಬಿಟ್ಟ ಮೀನು ಬದುಕುವುದಕ್ಕೆ ತಣ್ಣೀರು ಬೇಸಿಗೆಯ ನೀರಿಗಿಂತ ಎಷ್ಟೋ ಮೇಲು. ತೊಂದರೆ ಇರುವುದು ಗಾಳಿಯಲ್ಲಿ. ಗಾಳಿ ಹೆಪ್ಪುಗಟ್ಟುವ ಮಟ್ಟದಲ್ಲಿದ್ದರೆ ತೆಳ್ಳನೆಯ ಕಿವಿರು, ಕಣ್ಣು ಬೇಗ ಹಾಳಾಗುತ್ತವೆ. ಮೀನು ನೀರಲ್ಲೇ ಇರಲಿ. ಒದ್ದೆ ಕೈಯಿಂದ ಮುಟ್ಟಿ, ಒಣ ಉಣ್ಣೆಯ ಗ್ಲೌಸ್‌ನಿಂದ ಬೇಡ. ಹಿಮದ ಮೇಲೆ ಮಲಗಿಸಿ ಫೋಟೋ ತೆಗೆಯುವ ಅಭ್ಯಾಸ ನನಗಂತೂ ಸಹಿಸುವುದಿಲ್ಲ. ಮೈಮೇಲಿನ ಲೋಳೆ ಹಿಮಕ್ಕೆ ಅಂಟಿ ಹೋಗುತ್ತದೆ. ಮುಳ್ಳಿಲ್ಲದ ಗಾಳ, ರಬ್ಬರ್ ಬಲೆ ಇದ್ದರೆ ಕೆಲಸ ಕೆಲವೇ ಸೆಕೆಂಡುಗಳದ್ದು.

ಪರವಾನಗಿ, ನಿಯಮ?

ಎಲ್ಲ ಕಡೆ ಬೇರೆ ಬೇರೆ. ಒಂದೇ ನದಿಯ ಮೇಲ್ಭಾಗ ಮುಚ್ಚಿ ಕೆಳಭಾಗ ತೆರೆದಿರಬಹುದು. ಕಳೆದ ವರ್ಷದ ಪುಸ್ತಿಕೆ ನಂಬಬೇಡಿ, ಈ ವರ್ಷದ್ದನ್ನೇ ಓದಿ.

ಈ ನಿಧಾನದ ಆಟ ಯಾವಾಗ ಬಿಡಬಹುದು?

ಮಧ್ಯಾಹ್ನದ ನೀರು ಸತತ ಕೆಲವು ದಿನ 7 ಅಥವಾ 8 ಡಿಗ್ರಿ ದಾಟಿದರೆ ಮೀನಿನ ನಡತೆ ಬದಲಾಗುತ್ತದೆ. ಎರೆಯ ಹಿಂದೆ ಒಂದಿಷ್ಟು ದೂರ ಬರುತ್ತದೆ, ಮಡುವಿನ ಆಳ ಬಿಟ್ಟು ತಲೆಯ ಕಡೆಗೆ, ಆಮೇಲೆ ತೆಳು ನೀರಿಗೆ ಸರಿಯುತ್ತದೆ. ಆಗ ಲೂರಿನ ವೇಗ ಸ್ವಲ್ಪ ಏರಿಸಿ, ಸ್ಪಿನ್ನರ್ ಹೊರತೆಗೆಯಿರಿ, ಬೆಳಗಿನ ಹೊತ್ತನ್ನೂ ಪ್ರಯತ್ನಿಸಿ. ನಡುವೆ ಮತ್ತೆ ಚಳಿ ಬಂದು ನೀರು 5ಕ್ಕೆ ಇಳಿದರೆ, ಅದೇ ಮಡು, ಅದೇ ಸಣ್ಣ ಜಿಗ್, ಅದೇ ಮಧ್ಯಾಹ್ನ. ಆ ವಾರಗಳಲ್ಲಿ ಎರಡೂ ಡಬ್ಬಿ ಜೊತೆಗಿರಲಿ.